ನವೀಕರಣದ ನಂತರ ಕಾಣೆಯಾಗುವ ಗುಪ್ತಪದಗಳು

ಗಣಕಯಂತ್ರವು ಕಚೇರಿಯ ಮೇಜಿನಿಂದ ಮನೆಯ ನಡುಮನೆಗೆ ಬಂದು ಬಹುಕಾಲವಾಯಿತು. ವಿದ್ಯುಚ್ಛಕ್ತಿಯ ಶುಲ್ಕ ಕಟ್ಟುವುದು, ಊರಿಗೆ ಹೋಗುವ ರೈಲಿನಲ್ಲಿ ಸ್ಥಳ ಕಾಯ್ದಿರಿಸುವುದು, ಆದಾಯ ತೆರಿಗೆಯ ವಿವರಗಳನ್ನು ಸಲ್ಲಿಸುವುದು, ಭವಿಷ್ಯನಿಧಿಯ ಲೆಕ್ಕ ನೋಡುವುದು, ಇವೆಲ್ಲವೂ ಈಗ ಅದರ ಮೂಲಕವೇ ನಡೆಯುತ್ತವೆ. ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕವಾದ ಗುಪ್ತಪದ, ಅಂದರೆ ಪಾಸ್‌ವರ್ಡ್, ಬೇಕಾಗುತ್ತದೆ. ಇಷ್ಟೊಂದು ಗುಪ್ತಪದಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಯಾರಿಗೂ ಸಾಧ್ಯವಿಲ್ಲದ ಮಾತು. ಆದಕಾರಣ 'ಇದನ್ನು ಉಳಿಸಬೇಕೆ?' ಎಂದು ಬ್ರೌಸರ್ ಕೇಳಿದಾಗ ಬಳಕೆದಾರರು ಒಪ್ಪಿಗೆ ನೀಡುತ್ತಾರೆ. ಅಂದಿನಿಂದ ಆ ಪದವು ಯಂತ್ರದ ನೆನಪಿನಲ್ಲಿ ಉಳಿಯುತ್ತದೆ. ಮನುಷ್ಯನ ನೆನಪಿನಿಂದ ಕ್ರಮೇಣ ಅಳಿಸಿಹೋಗುತ್ತದೆ.

ಹೀಗಿರುವಾಗ ಒಂದು ರಾತ್ರಿ ಯಂತ್ರದ ಕಾರ್ಯಾಚರಣ ವ್ಯವಸ್ಥೆಯು ತನ್ನಷ್ಟಕ್ಕೆ ತಾನೇ ನವೀಕರಣಗೊಳ್ಳುತ್ತದೆ. ಬೆಳಿಗ್ಗೆ ನೋಡಿದರೆ ಉಳಿಸಿದ ಪದಗಳ ಜಾಗ ಖಾಲಿಯಾಗಿರುತ್ತದೆ, ಇಲ್ಲವೇ ಪ್ರತಿಯೊಂದು ಜಾಲತಾಣವೂ ಮೊದಲ ಸಲ ಬಂದವರನ್ನು ಕೇಳುವಂತೆ ಗುರುತು ಕೇಳುತ್ತದೆ. ಆಗ ಉಂಟಾಗುವ ಗಾಬರಿ ಸಹಜವಾದದ್ದೇ. ಆದರೆ ಇಂತಹ ಸಂದರ್ಭಗಳಲ್ಲಿ ಹೆಚ್ಚಿನ ಪಾಲು ಗುಪ್ತಪದಗಳು ನಾಶವಾಗಿರುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಪೆಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ಅದರ ಬೀಗ ತೆರೆಯುತ್ತಿರುವುದಿಲ್ಲ, ಅಷ್ಟೆ. ನಿಜವಾದ ನಷ್ಟವು ಅನೇಕ ವೇಳೆ ಅನಂತರದ ಅರ್ಧ ಗಂಟೆಯಲ್ಲಿ ಆಗುತ್ತದೆ. ಬ್ರೌಸರನ್ನು ಕಿತ್ತು ಮತ್ತೆ ಸ್ಥಾಪಿಸುವುದು, 'ಎಲ್ಲವನ್ನೂ ಶುಚಿಗೊಳಿಸುವ' ತಂತ್ರಾಂಶವನ್ನು ಓಡಿಸುವುದು, ಯಂತ್ರದ ಪ್ರವೇಶದ ಗುಪ್ತಪದವನ್ನೇ ಬಲವಂತವಾಗಿ ಬದಲಿಸುವುದು, ಇಂತಹ ಆತುರದ ಚಿಕಿತ್ಸೆಗಳು ರೋಗಕ್ಕಿಂತ ಹೆಚ್ಚು ಹಾನಿಕರ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ಕೊನೆಗೊಂಡದ್ದರಿಂದ ಅನೇಕ ಮನೆಗಳ ಹಾಗೂ ಸಣ್ಣ ಕಚೇರಿಗಳ ಯಂತ್ರಗಳು ವಿಂಡೋಸ್ 11ಕ್ಕೆ ಬದಲಾಗುತ್ತಿವೆ. ಈ ಬದಲಾವಣೆಯ ಕಾಲದಲ್ಲಿ ವಿಷಯವನ್ನು ಸ್ವಲ್ಪ ವಿವರವಾಗಿ ಅರಿತುಕೊಳ್ಳುವುದು ಉಪಯುಕ್ತ.

ಉಳಿಸಿದ ಪದ ಎಲ್ಲಿರುತ್ತದೆ?

ಬ್ರೌಸರ್ ಉಳಿಸಿದ ಗುಪ್ತಪದವು ಓದಬಹುದಾದ ರೂಪದಲ್ಲಿ ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಹೆಚ್ಚು ಬಳಕೆಯಲ್ಲಿರುವ ಕ್ರೋಮ್ ಬ್ರೌಸರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಿಂಡೋಸ್ ಯಂತ್ರದಲ್ಲಿ ಅದು ಗುಪ್ತಪದಗಳನ್ನು 'ಲಾಗಿನ್ ಡೇಟಾ' ಎಂಬ ಕಡತದಲ್ಲಿ ಗೂಢಲಿಪಿಯಲ್ಲಿ ಇರಿಸುತ್ತದೆ. ಆ ಗೂಢಲಿಪಿಯನ್ನು ಬಿಡಿಸುವ ಕೀಲಿಯು 'ಲೋಕಲ್ ಸ್ಟೇಟ್' ಎಂಬ ಇನ್ನೊಂದು ಕಡತದಲ್ಲಿರುತ್ತದೆ. ಆ ಕೀಲಿಯೂ ಬಯಲಿನಲ್ಲಿಲ್ಲ. ಅದನ್ನು ವಿಂಡೋಸ್ ತನ್ನ ದತ್ತ ಸಂರಕ್ಷಣಾ ವ್ಯವಸ್ಥೆಯ ಮೂಲಕ ಮತ್ತೆ ಗೂಢಲಿಪಿಗೆ ಒಳಪಡಿಸಿರುತ್ತದೆ.

ತಂತ್ರಜ್ಞರು ಡಿಪಿಎಪಿಐ ಎಂದು ಕರೆಯುವ ಈ ವ್ಯವಸ್ಥೆಯು ವಿಂಡೋಸ್ 2000ದ ಕಾಲದಿಂದಲೂ ಇದೆ. ಪ್ರತಿಯೊಬ್ಬ ಬಳಕೆದಾರರಿಗೂ ಅದು ಒಂದು ಮೂಲಕೀಲಿಯನ್ನು ನಿರ್ಮಿಸುತ್ತದೆ. ಸುಮಾರು ಮೂರು ತಿಂಗಳಿಗೊಮ್ಮೆ ಹೊಸ ಮೂಲಕೀಲಿ ಸಿದ್ಧವಾಗುತ್ತದೆ. ಹಳೆಯ ಕೀಲಿಗಳನ್ನು ಎಸೆಯುವುದಿಲ್ಲ, ಏಕೆಂದರೆ ಹಳೆಯ ಬೀಗಗಳಿಗೆ ಅವೇ ಬೇಕು. ಆ ಮೂಲಕೀಲಿಗಳನ್ನು ಕಾಯುವುದು ಬಳಕೆದಾರರು ಯಂತ್ರವನ್ನು ಪ್ರವೇಶಿಸುವಾಗ ಬಳಸುವ ಗುಪ್ತಪದ. ಹೀಗೆ ಇದು ಪೆಟ್ಟಿಗೆಯೊಳಗೊಂದು ಪೆಟ್ಟಿಗೆಯಿಟ್ಟು, ಎಲ್ಲಕ್ಕಿಂತ ಹೊರಗಿನ ಪೆಟ್ಟಿಗೆಯ ಬೀಗದ ಕೈಯನ್ನು ಯಜಮಾನರ ಸೊಂಟಕ್ಕೆ ಸಿಕ್ಕಿಸಿದ ಏರ್ಪಾಡು. ಈ ಸರಪಳಿಯ ಯಾವುದಾದರೂ ಒಂದು ಕೊಂಡಿ ಕಳಚಿದರೂ ಒಳಗಿನ ಸಾಮಗ್ರಿ ಸುರಕ್ಷಿತವಾಗಿದ್ದು ಕೈಗೆ ಸಿಗದಂತಾಗುತ್ತದೆ. 2024ರಲ್ಲಿ ಬಂದ ಕ್ರೋಮ್‌ನ 127ನೆಯ ಆವೃತ್ತಿಯಿಂದ, ಕಳ್ಳ ತಂತ್ರಾಂಶಗಳಿಂದ ರಕ್ಷಣೆ ನೀಡುವ ಉದ್ದೇಶದಿಂದ, ಕೀಲಿಯನ್ನು ಬ್ರೌಸರಿಗೇ ಬಂಧಿಸುವ ಮತ್ತೊಂದು ಪದರವನ್ನು ಸೇರಿಸುವ ಕಾರ್ಯ ಆರಂಭವಾಯಿತು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. 'ಲಾಗಿನ್ ಡೇಟಾ' ಕಡತವನ್ನು ಯುಎಸ್‌ಬಿ ಕಡ್ಡಿಗೆ ನಕಲು ಮಾಡಿ ಬೇರೊಂದು ಯಂತ್ರಕ್ಕೆ ಒಯ್ದರೆ ಪ್ರಯೋಜನವಿಲ್ಲ. ಅಲ್ಲಿ ಅದನ್ನು ತೆರೆಯುವ ಕೀಲಿಯಿರುವುದಿಲ್ಲ. ಎರಡನೆಯದಾಗಿ, ಯಂತ್ರದ ಪ್ರವೇಶದ ಗುಪ್ತಪದವೆಂಬುದು ಕೇವಲ ಬಾಗಿಲಿನ ಚಿಲಕವಲ್ಲ. ಒಳಗಿನ ತಿಜೋರಿಯ ಕೀಲಿಯೂ ಅದರಿಂದಲೇ ತಯಾರಾಗಿರುತ್ತದೆ.

ಫೈರ್‌ಫಾಕ್ಸ್ ಬ್ರೌಸರಿನ ಕ್ರಮ ಬೇರೆ. ಅದು ಗುಪ್ತಪದಗಳನ್ನೂ ಅವುಗಳ ಕೀಲಿಯನ್ನೂ ತನ್ನ ಪ್ರೊಫೈಲ್ ಎಂಬ ಕಡತಕೋಶದಲ್ಲಿ ಎರಡು ಕಡತಗಳಾಗಿ ಇಟ್ಟುಕೊಳ್ಳುತ್ತದೆ. ಆದುದರಿಂದ ಆ ಕೋಶದ ಪ್ರತಿಯೊಂದಿದ್ದರೆ ಬೇರೆ ಯಂತ್ರದಲ್ಲಿಯೂ ಅವನ್ನು ಮರಳಿ ಪಡೆಯಬಹುದು. ಅನುಕೂಲವೇ ಸರಿ. ಆದರೆ ಬಳಕೆದಾರರು ಪ್ರಧಾನ ಗುಪ್ತಪದವೊಂದನ್ನು ಹಾಕಿಕೊಳ್ಳದಿದ್ದಲ್ಲಿ ಆ ಕೋಶವನ್ನು ಕದ್ದವರಿಗೂ ಅದೇ ಅನುಕೂಲ ದೊರೆಯುತ್ತದೆ. 2019ರಲ್ಲಿ ಬಂದ ಅದರ 67ನೆಯ ಆವೃತ್ತಿಯಿಂದ ಪ್ರತಿಯೊಂದು ಸ್ಥಾಪನೆಗೂ ಪ್ರತ್ಯೇಕ ಪ್ರೊಫೈಲ್ ದೊರೆಯುವುದರಿಂದ, ಮರುಸ್ಥಾಪನೆಯ ನಂತರ ಹೊಸ ಖಾಲಿ ಪ್ರೊಫೈಲ್ ತೆರೆದುಕೊಂಡು ಹಳೆಯದು ಪಕ್ಕದಲ್ಲಿಯೇ ಮಲಗಿರುವುದುಂಟು.

ಮೊದಲು ನೋಡಬೇಕಾದುದು

ಗುಪ್ತಪದಗಳು ಕಾಣದಿದ್ದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯು ಬ್ರೌಸರಿಗೆ ಸಂಬಂಧಿಸಿದ್ದಲ್ಲ. ಯಂತ್ರವು ಬಳಕೆದಾರರನ್ನು ಅವರದೇ ಮನೆಗೆ ಬಿಟ್ಟುಕೊಂಡಿದೆಯೇ ಎಂಬುದೇ ಆ ಪ್ರಶ್ನೆ. ನವೀಕರಣದ ನಂತರ ಕೆಲವೊಮ್ಮೆ ವಿಂಡೋಸ್ ಬಳಕೆದಾರರ ನಿಜವಾದ ಪ್ರೊಫೈಲನ್ನು ತೆರೆಯಲಾರದೆ ತಾತ್ಕಾಲಿಕವಾದ ಖಾಲಿ ಪ್ರೊಫೈಲೊಂದನ್ನು ತೆರೆಯುತ್ತದೆ. 2020ರ ಫೆಬ್ರವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ನವೀಕರಣವೊಂದರ ನಂತರ ಹಲವರಿಗೆ ಹೀಗಾಯಿತೆಂದು ವರದಿಯಾಗಿತ್ತು. ಪರದೆಯ ಮೇಲಿನ ಚಿತ್ರ ಬದಲಾಗಿರುವುದು, ಮೇಜಿನ ಮೇಲಿನ ಕಡತಗಳೆಲ್ಲ ಕಾಣೆಯಾಗಿರುವುದು, 'ಯೂಸರ್ಸ್' ಕೋಶದಲ್ಲಿ 'ಟೆಂಪ್' ಎಂಬ ಹೆಸರು ಕಾಣಿಸುವುದು, ಇವು ಅದರ ಲಕ್ಷಣಗಳು. ಅಂತಹ ಸ್ಥಿತಿಯಲ್ಲಿ ಯಾವ ಕೆಲಸವನ್ನೂ ಮಾಡಬಾರದು. ತಾತ್ಕಾಲಿಕ ಪ್ರೊಫೈಲಿನಲ್ಲಿ ಉಳಿಸಿದ್ದೆಲ್ಲವೂ ಹೊರಬಂದೊಡನೆ ಅಳಿಸಿಹೋಗುತ್ತದೆ. ಯಂತ್ರವನ್ನು ಮತ್ತೆ ಪ್ರಾರಂಭಿಸಿ ನೋಡಬೇಕು. ಒಂದೆರಡು ಸಲ ಹೀಗೆ ಮಾಡಿದಾಗ ಹಳೆಯ ಪ್ರೊಫೈಲ್ ಮರಳಿ ಬಂದ ಪ್ರಸಂಗಗಳು ಬೇಕಾದಷ್ಟಿವೆ.

ಪ್ರೊಫೈಲ್ ಸರಿಯಾಗಿದ್ದರೆ, ತೊಂದರೆಯು ಒಂದೇ ಕಡೆಗೆ ಸೀಮಿತವೇ ಅಥವಾ ಎಲ್ಲೆಡೆ ಇದೆಯೇ ಎಂಬುದನ್ನು ಪರೀಕ್ಷಿಸಬೇಕು. ಬ್ರೌಸರ್ ಮಾತ್ರ ಮರೆತಿದ್ದು, ಮಿಂಚಂಚೆಯ ತಂತ್ರಾಂಶವೂ ಇತರ ಬ್ರೌಸರುಗಳೂ ಎಂದಿನಂತೆ ತೆರೆಯುತ್ತಿದ್ದರೆ ದೋಷವು ಆ ಬ್ರೌಸರಿನಲ್ಲಿಯೇ ಇದೆ. ಕ್ರೋಮ್, ಎಡ್ಜ್, ಮಿಂಚಂಚೆ ಎಲ್ಲವೂ ಒಟ್ಟಿಗೆ ಮರೆತಿದ್ದರೆ ದೋಷವು ಕೆಳಗಿನ ಅಡಿಪಾಯದಲ್ಲಿ, ಅಂದರೆ ವಿಂಡೋಸಿನ ಕೀಲಿ ವ್ಯವಸ್ಥೆಯಲ್ಲಿ, ಇರುವ ಸಂಭವ ಹೆಚ್ಚು. ಈ ಒಂದು ವಿವೇಚನೆಯಿಂದಲೇ ಅರ್ಧ ದಿನದ ಪರದಾಟ ತಪ್ಪುತ್ತದೆ.

ಬ್ರೌಸರಿನದೇ ದೋಷವೆಂದಾದಲ್ಲಿ ಅದರ ಮೇಲ್ತುದಿಯ ಮೂಲೆಯಲ್ಲಿರುವ ಹೆಸರನ್ನು ಗಮನಿಸಬೇಕು. ಒಂದೇ ಯಂತ್ರವನ್ನು ಮನೆಮಂದಿಯೆಲ್ಲ ಬಳಸುವ ಕಡೆ, ತಂದೆಯವರ ಪ್ರೊಫೈಲಿಗೆ ಬದಲಾಗಿ ಮಗಳ ಪ್ರೊಫೈಲ್ ತೆರೆದಿರುವುದು ಅಪರೂಪವಲ್ಲ. ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯೊಂದಿಗಿನ ಹೊಂದಾಣಿಕೆಯು ನವೀಕರಣದ ನಂತರ ನಿಂತುಹೋಗಿ, ಮತ್ತೊಮ್ಮೆ ಪ್ರವೇಶಿಸುವಂತೆ ಸೂಚನೆ ಬಂದಿರುವುದೂ ಉಂಟು. ಖಾತೆಯಲ್ಲಿ ಉಳಿಸಿದ ಗುಪ್ತಪದಗಳ ಪ್ರತಿಯು ಆ ಸಂಸ್ಥೆಯ ಸರ್ವರಿನಲ್ಲಿರುತ್ತದೆ. ಅದೇ ಗೂಗಲ್ ಖಾತೆಯನ್ನು ಬಳಸುವ ಆಂಡ್ರಾಯ್ಡ್ ಮೊಬೈಲಿನಲ್ಲಿ ಗುಪ್ತಪದಗಳ ವಿಭಾಗವನ್ನು ತೆರೆದು ನೋಡಿದರೆ ಕ್ಷಣದಲ್ಲಿ ಸಮಾಧಾನವಾಗಬಹುದು. ಮೈಕ್ರೋಸಾಫ್ಟಿನ ಅಥೆಂಟಿಕೇಟರ್ ಆಪ್ ಅನ್ನು ಇದಕ್ಕಾಗಿ ನಂಬಿದ್ದವರು ಮಾತ್ರ ಒಂದು ಬದಲಾವಣೆಯನ್ನು ತಿಳಿದಿರಬೇಕು: 2025ರ ಆಗಸ್ಟ್‌ನಿಂದ ಅದರಲ್ಲಿ ಉಳಿಸಿದ ಗುಪ್ತಪದಗಳು ದೊರೆಯುವುದಿಲ್ಲ, ಅವುಗಳನ್ನು ಎಡ್ಜ್ ಬ್ರೌಸರಿನಲ್ಲಿ ನೋಡಬೇಕು. ಹೊಂದಾಣಿಕೆ ಚಾಲ್ತಿಯಲ್ಲಿರುವಾಗ ಪಟ್ಟಿಯಿಂದ ಏನನ್ನೂ ಅಳಿಸಕೂಡದು. ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಸಿಹೋಗುತ್ತದೆ.

ಇಷ್ಟಾದರೂ ದೊರೆಯದಿದ್ದರೆ, ಯಾವುದೇ ದುರಸ್ತಿಗೆ ಕೈಹಾಕುವ ಮೊದಲು ಬಳಕೆದಾರರ ಕೋಶದಲ್ಲಿ ಅಡಗಿರುವ 'ಆಪ್‌ಡೇಟಾ' ಕೋಶವನ್ನು ಸಂಪೂರ್ಣವಾಗಿ ಬೇರೊಂದು ಡಿಸ್ಕಿಗೆ ನಕಲು ಮಾಡಿಡುವುದು ಒಳ್ಳೆಯದು. ಬ್ರೌಸರಿನ ಕಡತಗಳೂ ಮೂಲಕೀಲಿಗಳೂ ಅದರೊಳಗೇ ಇರುತ್ತವೆ. ಇವು ಬೇರೆ ಯಂತ್ರದಲ್ಲಿ ತೆರೆಯವು ಎಂದು ಮೇಲೆ ಹೇಳಿದೆಯಾದರೂ, ಅದೇ ಯಂತ್ರದಲ್ಲಿ ಸರಪಳಿಯನ್ನು ಮತ್ತೆ ಜೋಡಿಸಲು ಇವೇ ಆಧಾರ.

2020ರ ಒಂದು ಪ್ರಕರಣ

ಅಡಿಪಾಯದಲ್ಲಿಯೇ ದೋಷ ಹೇಗೆ ಹುಟ್ಟುತ್ತದೆಂಬುದಕ್ಕೆ 2020ರ ಪ್ರಕರಣವೊಂದು ಉತ್ತಮ ನಿದರ್ಶನ. ಆ ವರ್ಷದ ಮೇ ತಿಂಗಳಲ್ಲಿ ವಿಂಡೋಸ್ 10ರ '2004' ಎಂಬ ಆವೃತ್ತಿ ಬಿಡುಗಡೆಯಾಯಿತು. (ಇಲ್ಲಿ 2004 ಎಂಬುದು ಇಸವಿಯಲ್ಲ, 20ನೆಯ ವರ್ಷದ 04ನೆಯ ತಿಂಗಳು ಎಂದರ್ಥ.) ಅದನ್ನು ಸ್ಥಾಪಿಸಿಕೊಂಡ ಕೆಲವರಿಗೆ ವಿಚಿತ್ರವಾದ ಅನುಭವವಾಯಿತು. ಔಟ್‌ಲುಕ್ ಮಿಂಚಂಚೆಯ ಗುಪ್ತಪದ ಕೇಳಿತು. ಕ್ರೋಮ್ ಎಲ್ಲ ತಾಣಗಳಿಂದಲೂ ಹೊರಬಂದಿತ್ತು. ಮತ್ತೆ ನಮೂದಿಸಿದರೆ ಆ ದಿನ ಎಲ್ಲವೂ ಸರಿ. ಯಂತ್ರವನ್ನು ನಿಲ್ಲಿಸಿ ಪ್ರಾರಂಭಿಸಿದರೆ ಮತ್ತೆ ಅದೇ ಕಥೆ. ಬ್ರೌಸರನ್ನು ಮರುಸ್ಥಾಪಿಸಿದವರಿಗೂ ಫಲ ಸಿಗಲಿಲ್ಲ, ಏಕೆಂದರೆ ತಪ್ಪು ಬ್ರೌಸರಿನದಾಗಿರಲಿಲ್ಲ.

ಮೈಕ್ರೋಸಾಫ್ಟ್ ಸಂಸ್ಥೆಯು ತೊಂದರೆಯನ್ನು ಒಪ್ಪಿಕೊಂಡು ನೀಡಿದ ವಿವರಣೆ ಕುತೂಹಲಕರವಾಗಿತ್ತು. ನಿಗದಿತ ಸಮಯಕ್ಕೆ ಕೆಲಸಗಳನ್ನು ನಡೆಸುವ 'ಟಾಸ್ಕ್ ಶೆಡ್ಯೂಲರ್' ಎಂಬ ವಿಭಾಗ ವಿಂಡೋಸಿನಲ್ಲಿದೆ. ಅದರಲ್ಲಿ ಕೆಲವು ಕಾರ್ಯಗಳನ್ನು, ಬಳಕೆದಾರರ ಹೆಸರಿನಲ್ಲಿ ಆದರೆ ಅವರ ಗುಪ್ತಪದವನ್ನು ಇಟ್ಟುಕೊಳ್ಳದೆ ನಡೆಯುವಂತೆ ಹೊಂದಿಸಿರುತ್ತಾರೆ. ಯಂತ್ರದ ತಯಾರಕರು ಮೊದಲೇ ಹಾಕಿ ಕಳುಹಿಸುವ ಸಹಾಯಕ ತಂತ್ರಾಂಶಗಳಲ್ಲಿಯೂ ಇಂತಹ ಕಾರ್ಯಗಳು ಇದ್ದವು. ಹೊಸ ಆವೃತ್ತಿಯಲ್ಲಿ ಹಾಗೆ ಹೊಂದಿಸಿದ ಕಾರ್ಯವು ಉಳಿಸಿದ ಗುಪ್ತಪದಗಳ ವ್ಯವಸ್ಥೆಗೆ ತೊಡಕಾಯಿತು. ಯಜಮಾನರ ಹೆಸರು ಹೇಳಿಕೊಂಡು, ಬೀಗದ ಕೈಯಿಲ್ಲದೆ ಒಳಬಂದ ಆಳೊಬ್ಬನಿಂದ ಮನೆಯ ಕೀಲಿಗೊಂಚಲೇ ಕಲಸುಮೇಲೋಗರವಾದ ಹಾಗೆ.

ಪರಿಹಾರವಾಗಿ ಸೂಚಿಸಿದ್ದು, ಅಂತಹ ಕಾರ್ಯಗಳನ್ನು ಹುಡುಕಿ ನಿಷ್ಕ್ರಿಯಗೊಳಿಸುವುದು. ಹಾಗೆ ಮಾಡಿ, ಯಂತ್ರವನ್ನು ಮತ್ತೆ ಪ್ರಾರಂಭಿಸಿ, ಮರೆತ ಗುಪ್ತಪದಗಳನ್ನು ಇನ್ನೊಮ್ಮೆ ನಮೂದಿಸಿದರೆ ಅವು ಉಳಿಯತೊಡಗುತ್ತಿದ್ದವು. ಅನಂತರ ಬಂದ ತಿದ್ದುಪಡಿಯಿಂದ ಮೂಲ ದೋಷವೂ ನಿವಾರಣೆಯಾಯಿತು. ಆ ಆವೃತ್ತಿಯ ಬೆಂಬಲವೇ 2021ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ಆದರೆ ಅದು ಕಲಿಸಿದ ಲಕ್ಷಣಪರೀಕ್ಷೆ ಇಂದಿಗೂ ಬಳಕೆಗೆ ಬರುತ್ತದೆ. ನಮೂದಿಸಿದ ಗುಪ್ತಪದವು ಅಂದು ಉಳಿದು, ಪ್ರತಿ ಮರುಪ್ರಾರಂಭಕ್ಕೂ ಮಾಯವಾಗುತ್ತಿದ್ದರೆ, ಯಾವುದೋ ಹಿನ್ನೆಲೆಯ ಕಾರ್ಯಕ್ರಮವು ಕೀಲಿ ವ್ಯವಸ್ಥೆಯನ್ನು ಕದಡುತ್ತಿದೆ, ಅಥವಾ ಮುಚ್ಚುವಾಗ ಎಲ್ಲವನ್ನೂ ಅಳಿಸುವಂತೆ ಬ್ರೌಸರನ್ನೇ ಹೊಂದಿಸಲಾಗಿದೆ ಎಂದು ಶಂಕಿಸಬೇಕು. ಟಾಸ್ಕ್ ಶೆಡ್ಯೂಲರಿನಲ್ಲಿ ಕಾರ್ಯವೊಂದರ 'ಜನರಲ್' ಪುಟವನ್ನು ತೆರೆದಾಗ 'ಡು ನಾಟ್ ಸ್ಟೋರ್ ಪಾಸ್‌ವರ್ಡ್' ಎಂಬಲ್ಲಿ ಗುರುತು ಇದ್ದರೆ ಅದು ಮೇಲೆ ಹೇಳಿದ ಬಗೆಯ ಕಾರ್ಯ. ಅದನ್ನು ನಿಷ್ಕ್ರಿಯಗೊಳಿಸಿ ನೋಡಬಹುದು, ಅಳಿಸಿಹಾಕುವ ಅಗತ್ಯವಿಲ್ಲ.

ಬದಲಾವಣೆ ಬೇರೆ, ಬಲವಂತದ ಮರುನಿಗದಿ ಬೇರೆ

ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದ, ಆದರೆ ಅತಿ ಕಡಿಮೆ ಜನರಿಗೆ ತಿಳಿದಿರುವ ಭಾಗವಿದು. ನವೀಕರಣದ ನಂತರ ಯಂತ್ರದ ಪ್ರವೇಶವೇ ಕಷ್ಟವಾದಾಗ, ನೆರೆಹೊರೆಯ ತಿಳಿದವರೊಬ್ಬರು ಬಂದು ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಹಳೆಯ ಗುಪ್ತಪದವನ್ನು ತೆಗೆದು ಹೊಸದನ್ನು ಹಾಕಿಕೊಡುತ್ತಾರೆ. ಬಾಗಿಲು ತೆರೆಯುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ. ಒಳಗೆ ಹೋಗಿ ನೋಡಿದರೆ ಉಳಿಸಿದ ಗುಪ್ತಪದಗಳಲ್ಲಿ ಒಂದೂ ತೆರೆಯುವುದಿಲ್ಲ.

ಕಾರಣ ಸರಳ. ಬಳಕೆದಾರರೇ ಹಳೆಯ ಗುಪ್ತಪದವನ್ನು ನೀಡಿ ಹೊಸದಕ್ಕೆ ಬದಲಾಯಿಸಿಕೊಂಡಾಗ, ವಿಂಡೋಸ್ ಹಳೆಯದರಿಂದ ಮೂಲಕೀಲಿಗಳನ್ನು ಬಿಡಿಸಿ ಹೊಸದರಿಂದ ಮತ್ತೆ ಮುಚ್ಚುತ್ತದೆ. ಸರಪಳಿ ಮುರಿಯುವುದಿಲ್ಲ. ಬೇರೊಬ್ಬರು ಹಳೆಯದನ್ನು ಅರಿಯದೆ ಹೊಸದನ್ನು ಹೇರಿದಾಗ ಹಾಗೆ ಬಿಡಿಸಲು ಸಾಧ್ಯವಾಗುವುದಿಲ್ಲ. ಮೂಲಕೀಲಿಗಳು ಹಳೆಯ ಗುಪ್ತಪದದ ಬೀಗದೊಳಗೇ ಉಳಿಯುತ್ತವೆ. ಇದು ವ್ಯವಸ್ಥೆಯ ನ್ಯೂನತೆಯಲ್ಲ. ಕದ್ದ ಯಂತ್ರದ ಗುಪ್ತಪದವನ್ನು ಅಳಿಸಿದ ಕಳ್ಳನಿಗೆ ಬ್ಯಾಂಕಿನ ಗುಪ್ತಪದ ಸಿಗಬಾರದೆಂಬ ಉದ್ದೇಶದಿಂದಲೇ ಹೀಗೆ ರಚಿಸಲಾಗಿದೆ. ಮಾಲೀಕರಿಗೂ ಕಳ್ಳನಿಗೂ ಯಂತ್ರವು ಭೇದವೆಣಿಸಲಾರದು ಎಂಬುದೇ ಇಲ್ಲಿನ ಕಷ್ಟ.

ಹೀಗಾದ ಮೇಲೂ ಒಂದು ದಾರಿಯುಂಟು. ಹಳೆಯ ಗುಪ್ತಪದ ನೆನಪಿಗೆ ಬಂದಲ್ಲಿ, ಖಾತೆಯ ಗುಪ್ತಪದವನ್ನು ಮತ್ತೆ ಅದೇ ಹಳೆಯ ಪದಕ್ಕೆ ತಂದು ಪ್ರವೇಶಿಸಿದರೆ ಮೂಲಕೀಲಿಗಳು ತೆರೆದುಕೊಳ್ಳುತ್ತವೆ. ಆದ್ದರಿಂದಲೇ ಮರುನಿಗದಿಯ ನಂತರ ನಿರಾಶರಾಗಿ ಪ್ರೊಫೈಲನ್ನು ಅಳಿಸುವುದು ತಪ್ಪು. ಹಳೆಯ ಚೀಟಿ, ಡೈರಿಗಳನ್ನು ಹುಡುಕಲು ನಾಲ್ಕು ದಿನ ಕೊಡಬೇಕು. ಸ್ಥಳೀಯ ಖಾತೆಯನ್ನು ಬಳಸುವವರು ಮುಂಚಿತವಾಗಿಯೇ 'ಪಾಸ್‌ವರ್ಡ್ ರೀಸೆಟ್ ಡಿಸ್ಕ್' ತಯಾರಿಸಿಟ್ಟುಕೊಂಡಿದ್ದರೆ ಈ ಸಂಕಟವೇ ಬರುವುದಿಲ್ಲ. ಕಚೇರಿಯ ಡೊಮೇನಿಗೆ ಸೇರಿದ ಯಂತ್ರಗಳಲ್ಲಿ ಕೇಂದ್ರ ಸರ್ವರಿನ ಬಳಿ ಒಂದು ಮೀಸಲು ಕೀಲಿ ಇರುವುದರಿಂದ, ಅಲ್ಲಿನ ವ್ಯವಸ್ಥಾಪಕರನ್ನು ಕೇಳದೆ ನೌಕರರು ತಾವಾಗಿ ಏನನ್ನೂ ಮಾಡದಿರುವುದು ಲೇಸು.

ಪಿನ್ ಇದ್ದವರ ಮರೆವು

ವಿಂಡೋಸ್ ಈಗ ಪಿನ್, ಬೆರಳಚ್ಚು ಅಥವಾ ಮುಖದ ಗುರುತಿನಿಂದ ಪ್ರವೇಶ ನೀಡುತ್ತದೆ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು. ಹೊರಗೆ ಅದಕ್ಕೆ ಬೆಲೆಯಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಉತ್ತಮವೇ. ಆದರೆ ವರ್ಷಗಟ್ಟಲೆ ಪಿನ್ ಬಳಸಿದವರಿಗೆ ಅದರ ಹಿಂದಿರುವ ಖಾತೆಯ ಗುಪ್ತಪದ ಮರೆತೇಹೋಗಿರುತ್ತದೆ. ನವೀಕರಣದ ನಂತರ 'ಪಿನ್ ಲಭ್ಯವಿಲ್ಲ' ಎಂಬ ಸೂಚನೆ ಬಂದ ದಿನ ಆ ಮರೆವು ಬೆಳಕಿಗೆ ಬರುತ್ತದೆ. ದೊಡ್ಡ ನವೀಕರಣಕ್ಕೆ ಒಪ್ಪಿಗೆ ಕೊಡುವ ಮುನ್ನ ಒಮ್ಮೆ ಪಿನ್ ಬಿಟ್ಟು ಗುಪ್ತಪದದಿಂದಲೇ ಪ್ರವೇಶಿಸಿ ನೋಡುವುದು ಐದು ನಿಮಿಷದ ಕೆಲಸ.

ಇದಕ್ಕೆ ಹತ್ತಿರದ ಇನ್ನೊಂದು ಪ್ರಸಂಗವೆಂದರೆ ಬಿಟ್‌ಲಾಕರಿನ ನೀಲಿ ಪರದೆ. 2024ರ ಜುಲೈ ತಿಂಗಳ ವಿಂಡೋಸ್ ನವೀಕರಣದ ನಂತರ ಕೆಲವು ಯಂತ್ರಗಳು ಪ್ರಾರಂಭದಲ್ಲಿಯೇ 48 ಅಂಕಿಗಳ ಚೇತರಿಕೆ ಕೀಲಿಯನ್ನು ಕೇಳಿದವು; ಮರುತಿಂಗಳ ನವೀಕರಣದಲ್ಲಿ ಇದನ್ನು ಸರಿಪಡಿಸಲಾಯಿತು. ಮೈಕ್ರೋಸಾಫ್ಟ್ ಖಾತೆಯಿಂದ ಯಂತ್ರವನ್ನು ಬಳಸುವವರ ಕೀಲಿಯು ಸಾಮಾನ್ಯವಾಗಿ ಆ ಖಾತೆಯಲ್ಲಿಯೇ ಇರುತ್ತದೆ. ಮೊಬೈಲಿನಿಂದ ಖಾತೆಯನ್ನು ಪ್ರವೇಶಿಸಿ ಅದನ್ನು ಓದಿಕೊಳ್ಳಬಹುದು. ಆದರೆ ಆ ಖಾತೆಯ ಗುಪ್ತಪದವು ಮುಚ್ಚಿದ ಯಂತ್ರದೊಳಗೆ ಮಾತ್ರ ಉಳಿದಿದ್ದರೆ, ಮನೆಯ ಕೀಲಿಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡಂತಾಗುತ್ತದೆ.

ಗುಪ್ತಪದದ್ದೆಂದು ತೋರುವ ಬೇರೆ ದೋಷಗಳು

ಕನ್ನಡ, ಮರಾಠಿ, ತಮಿಳು ಮುಂತಾದ ಕೀಲಿಮಣೆ ವಿನ್ಯಾಸಗಳನ್ನು ಸ್ಥಾಪಿಸಿಕೊಂಡವರು ಒಂದು ಚಿಕ್ಕ ಸಂಗತಿಯನ್ನು ಮೊದಲು ನೋಡಬೇಕು. ಗುಪ್ತಪದ ಬರೆಯುವಾಗ ಅಕ್ಷರಗಳ ಬದಲು ಚುಕ್ಕೆಗಳು ಮಾತ್ರ ಕಾಣುವುದರಿಂದ, ವಿನ್ಯಾಸವು ಕನ್ನಡಕ್ಕೆ ತಿರುಗಿದ್ದರೂ ಬಳಕೆದಾರರಿಗೆ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇವೆಂದುಕೊಂಡು ಕನ್ನಡದ ಅಕ್ಷರಗಳನ್ನು ಒತ್ತುತ್ತಿರುತ್ತಾರೆ. ಪ್ರವೇಶದ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಭಾಷೆಯ ಗುರುತು ಇರುತ್ತದೆ. ಅದನ್ನು ಇಂಗ್ಲಿಷಿಗೆ ತಿರುಗಿಸಿ ಪ್ರಯತ್ನಿಸಬೇಕು. ಅಂತೆಯೇ ನಮ್ ಲಾಕ್ ಆರಿಹೋಗಿದ್ದರೆ ಬಲಬದಿಯ ಅಂಕಿಗಳಿಂದ ಒತ್ತಿದ ಪಿನ್ ತಪ್ಪೆಂದೇ ಬರುತ್ತದೆ. ಕ್ಷುಲ್ಲಕವೆಂದು ತೋರುವ ಈ ಎರಡು ಕಾರಣಗಳಿಗಾಗಿ ದುರಸ್ತಿ ಅಂಗಡಿಗೆ ಯಂತ್ರವನ್ನು ಹೊತ್ತೊಯ್ಯುವವರಿದ್ದಾರೆ.

ಕಚೇರಿಗಳಲ್ಲಿಯೂ ಇಂತಹ ವೇಷ ಮರೆಸಿದ ದೋಷಗಳುಂಟು. ವಿಂಡೋಸ್ 11ರ 2022ರ ಆವೃತ್ತಿಯಿಂದ ಎಂಟರ್‌ಪ್ರೈಸ್ ಮತ್ತು ಎಜುಕೇಷನ್ ವಿಧದ ಅರ್ಹ ಯಂತ್ರಗಳಲ್ಲಿ 'ಕ್ರೆಡೆನ್ಷಿಯಲ್ ಗಾರ್ಡ್' ಎಂಬ ರಕ್ಷಣೆ ತಾನಾಗಿಯೇ ಚಾಲನೆಗೊಳ್ಳುತ್ತದೆ. ಹಳೆಯ ಎಂಎಸ್-ಚಾಪ್ ವಿಧಾನದ ವೈ-ಫೈ ಮತ್ತು ವಿಪಿಎನ್ ಸಂಪರ್ಕಗಳು ಅದರೊಂದಿಗೆ ಹೊಂದುವುದಿಲ್ಲವಾಗಿ, ಹಿಂದೆ ತಾನೇ ಜೋಡಣೆಯಾಗುತ್ತಿದ್ದ ಜಾಲ ಪ್ರತಿಸಲವೂ ಗುಪ್ತಪದ ಕೇಳತೊಡಗುತ್ತದೆ. ನೌಕರರು ಎಷ್ಟು ಸಲ ಉಳಿಸಿದರೂ ಫಲವಿಲ್ಲ. ಸಂಸ್ಥೆಯು ಪ್ರಮಾಣಪತ್ರ ಆಧಾರಿತ ವಿಧಾನಕ್ಕೆ ಬದಲಾಗಬೇಕು. 2024ರ 24ಎಚ್2 ಆವೃತ್ತಿಯ ನಂತರ ಸಣ್ಣ ಕಚೇರಿಗಳ ಹಳೆಯ ಸಂಗ್ರಹಸಾಧನಗಳು ತೆರೆಯದಿರುವುದಕ್ಕೂ ಅನೇಕ ಕಡೆ ಕಾರಣ ಮರೆತ ಗುಪ್ತಪದವಲ್ಲ. ಪ್ರೊ ಮುಂತಾದ ವಿಧಗಳಲ್ಲಿ ಸಹಿಯಿಲ್ಲದ ಸಂಪರ್ಕವನ್ನೂ ಗುಪ್ತಪದವಿಲ್ಲದ ಅತಿಥಿ ಪ್ರವೇಶವನ್ನೂ ವಿಂಡೋಸ್ ನಿರಾಕರಿಸತೊಡಗಿದ್ದು.

ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಲ್ಲಿ 'ಕೀಚೈನ್' ಎಂಬ ಸಂಗ್ರಹ ಇದೇ ಕೆಲಸ ಮಾಡುತ್ತದೆ. 2024ರಿಂದ 'ಪಾಸ್‌ವರ್ಡ್ಸ್' ಎಂಬ ಪ್ರತ್ಯೇಕ ಆಪ್ ಕೂಡ ಇದೆ. ಅಲ್ಲಿಯೂ ಪ್ರವೇಶದ ಗುಪ್ತಪದವನ್ನು ಬಲವಂತವಾಗಿ ಮರುನಿಗದಿ ಮಾಡಿದರೆ ಕೀಚೈನ್ ಹಳೆಯ ಗುಪ್ತಪದಕ್ಕೇ ನಿಷ್ಠವಾಗಿ ಉಳಿಯುತ್ತದೆ. ಆಗ ಬರುವ ಪ್ರಶ್ನೆಗೆ ಹೊಸದನ್ನಲ್ಲ, ಹಳೆಯ ಪದವನ್ನು ಕೊಡಬೇಕು. ಹೊಸ ಕೀಚೈನ್ ರಚಿಸುವ ಆಯ್ಕೆಯನ್ನು ಒತ್ತಿದರೆ ದೊರೆಯುವುದು ಖಾಲಿ ಸಂಗ್ರಹ ಮಾತ್ರ. ಲಿನಕ್ಸ್ ಬಳಸುವವರಲ್ಲಿ, ಗುಪ್ತಪದ ಕೇಳದೆ ನೇರವಾಗಿ ಒಳಬಿಡುವಂತೆ ಯಂತ್ರವನ್ನು ಹೊಂದಿಸಿದವರಿಗೆ ಕೀರಿಂಗ್ ತಾನಾಗಿ ತೆರೆಯುವುದಿಲ್ಲ. ಪ್ರವೇಶದ ವೇಳೆ ಪದವನ್ನೇ ನೀಡದಿದ್ದರೆ ಅದನ್ನು ತೆರೆಯುವುದಾದರೂ ಯಾವುದರಿಂದ?

ಮುಂಚಿತ ಸಿದ್ಧತೆ

ದೊಡ್ಡ ಆವೃತ್ತಿಗೆ ಬದಲಾಗುವ ಮುನ್ನ, ಮಿಂಚಂಚೆ, ಬ್ಯಾಂಕು, ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆ, ಯಂತ್ರದ ಪ್ರವೇಶ, ಈ ನಾಲ್ಕೈದು ಗುಪ್ತಪದಗಳನ್ನಾದರೂ ಕಾಗದದ ಮೇಲೆ ಬರೆದು ಆಸ್ತಿಪತ್ರಗಳೊಂದಿಗೆ ಬೀರುವಿನಲ್ಲಿಡುವುದು ಹಳೆಯ ಪದ್ಧತಿಯಾದರೂ ಹೀಗಳೆಯತಕ್ಕದ್ದಲ್ಲ. ಬೀರುವಿಗೆ ಕನ್ನ ಹಾಕುವ ಕಳ್ಳನಿಗಿಂತ ಜಾಲದ ಕಳ್ಳರ ಸಂಖ್ಯೆ ಹೆಚ್ಚು. ಬ್ರೌಸರಿನಿಂದ ಎಲ್ಲ ಗುಪ್ತಪದಗಳನ್ನೂ ಒಂದು ಸಿಎಸ್‌ವಿ ಕಡತವಾಗಿ ಹೊರತೆಗೆಯುವ ಸೌಲಭ್ಯವಿದೆ. ಆ ಕಡತದಲ್ಲಿ ಯಾವ ಗೂಢಲಿಪಿಯೂ ಇರುವುದಿಲ್ಲ, ತೆರೆದವರೆಲ್ಲ ಓದಬಹುದು. ಅದನ್ನು ಬಳಸಿದವರು ಹೊಸ ವ್ಯವಸ್ಥೆಯಲ್ಲಿ ಗುಪ್ತಪದಗಳು ಬಂದುದನ್ನು ಖಚಿತಪಡಿಸಿಕೊಂಡು, ಕಡತವನ್ನು ಕಸದ ಬುಟ್ಟಿಯಿಂದಲೂ ಅಳಿಸಬೇಕು. ತಮಗೆ ತಾವೇ ಮಿಂಚಂಚೆಯಲ್ಲಿ ಕಳುಹಿಸಿಕೊಳ್ಳುವುದಂತೂ ಕೂಡದು.

ವಿಂಡೋಸಿನ ಹೊಸ ಆವೃತ್ತಿಯನ್ನು ಸ್ಥಾಪಿಸುವಾಗ 'ಕಡತಗಳು ಮತ್ತು ತಂತ್ರಾಂಶಗಳು' ಎರಡನ್ನೂ ಉಳಿಸಿಕೊಳ್ಳುವ ಆಯ್ಕೆಯನ್ನೇ ಆರಿಸಬೇಕು. 'ಕಡತಗಳು ಮಾತ್ರ' ಎಂಬ ಆಯ್ಕೆಯು ಪತ್ರ, ಚಿತ್ರಗಳನ್ನು ಉಳಿಸೀತು. ಬ್ರೌಸರಿನ ಗುಪ್ತಪದಗಳು ಉಳಿಯುತ್ತವೆಂಬ ಭರವಸೆ ಇಟ್ಟುಕೊಳ್ಳುವಂತಿಲ್ಲ. ಹೊಸ ಆವೃತ್ತಿಯಿಂದ ಹಿಂದಿನದಕ್ಕೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿದೆ. ಜಾಗ ಸಾಲದೆಂದು 'ವಿಂಡೋಸ್ ಓಲ್ಡ್' ಕೋಶವನ್ನು ಮೊದಲ ದಿನವೇ ಅಳಿಸುವವರು ಆ ಅವಕಾಶವನ್ನು ತಾವೇ ಕಳೆದುಕೊಳ್ಳುತ್ತಾರೆ.

ನಿಜವಾಗಿ ಕಳೆದುಹೋದಾಗ

ಎಲ್ಲ ಪ್ರಯತ್ನಗಳೂ ವಿಫಲವಾದಲ್ಲಿ ಪ್ರತಿಯೊಂದು ತಾಣದಲ್ಲಿಯೂ ಹೊಸ ಗುಪ್ತಪದವನ್ನು ಪಡೆಯಬೇಕಾಗುತ್ತದೆ. ಇಲ್ಲಿ ಕ್ರಮ ಮುಖ್ಯ. ಮೊದಲು ಮಿಂಚಂಚೆ, ಏಕೆಂದರೆ ಉಳಿದ ತಾಣಗಳು ಮರುನಿಗದಿಯ ಕೊಂಡಿಯನ್ನು ಅಲ್ಲಿಗೇ ಕಳುಹಿಸುತ್ತವೆ. ಮಿಂಚಂಚೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ಕೆಲಸದ ನಿಮಿತ್ತ ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಂದು ನೆಲೆಸಿದವರಲ್ಲಿ ಊರಿನ ಹಳೆಯ ಸಂಖ್ಯೆಯೇ ಖಾತೆಯಲ್ಲಿ ಉಳಿದುಬಿಟ್ಟಿರುವುದು ಸಾಮಾನ್ಯ. ಆದಾಯ ತೆರಿಗೆಯ ತಾಣದಲ್ಲಿ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಏಕಬಳಕೆಯ ಸಂಖ್ಯೆಯಿಂದ ಹೊಸ ಗುಪ್ತಪದ ಪಡೆಯಬಹುದು. ಬ್ಯಾಂಕಿನ ವಿಷಯದಲ್ಲಿ ಊಹೆಯಿಂದ ನಾಲ್ಕಾರು ಸಲ ಪ್ರಯತ್ನಿಸಿದರೆ ಖಾತೆಯ ಜಾಲಪ್ರವೇಶ ತಾತ್ಕಾಲಿಕವಾಗಿ ಮುಚ್ಚಿಹೋಗುತ್ತದೆ.

ಈ ಹೊತ್ತಿನಲ್ಲಿಯೇ ವಂಚಕರು ಎದುರಾಗುತ್ತಾರೆ. ಹುಡುಕುತಾಣದಲ್ಲಿ 'ಸಹಾಯವಾಣಿ' ಎಂದು ಹುಡುಕಿದಾಗ ಸಿಗುವ ಸಂಖ್ಯೆಗಳಲ್ಲಿ ಅವರ ಸಂಖ್ಯೆಗಳೂ ಬೆರೆತಿರುತ್ತವೆ. ಕರೆ ಮಾಡಿದವರಿಗೆ ಯಂತ್ರವನ್ನು ದೂರದಿಂದ ನಿಯಂತ್ರಿಸುವ ತಂತ್ರಾಂಶವೊಂದನ್ನು ಹಾಕಿಕೊಳ್ಳಲು ಹೇಳಿ, ಗುಪ್ತಪದ ಹುಡುಕಿಕೊಡುವ ನೆಪದಲ್ಲಿ ಬ್ಯಾಂಕಿನ ಪುಟವನ್ನು ತೆರೆಯಿಸುತ್ತಾರೆ. ಉಳಿಸಿದ ಗುಪ್ತಪದವನ್ನು ಮರಳಿ ಪಡೆಯಲು ಮೊಬೈಲಿಗೆ ಬಂದ ಏಕಬಳಕೆಯ ಸಂಖ್ಯೆಯನ್ನು ಬೇರೊಬ್ಬರಿಗೆ ಓದಿ ಹೇಳುವ ಅಗತ್ಯ ಯಾವ ಸಂದರ್ಭದಲ್ಲಿಯೂ ಇಲ್ಲ. ಹಣ ಹೋಗಿದ್ದರೆ ತಡಮಾಡದೆ ಯಂತ್ರದ ಜಾಲಸಂಪರ್ಕವನ್ನು ಕಡಿದು, 1930 ಸಂಖ್ಯೆಗೆ ಕರೆ ಮಾಡಬೇಕು ಮತ್ತು ರಾಷ್ಟ್ರೀಯ ಸೈಬರ್ ಅಪರಾಧ ವರದಿ ತಾಣದಲ್ಲಿ ದೂರು ದಾಖಲಿಸಬೇಕು. ಕರೆ ಮಾಡುವಾಗ ವ್ಯವಹಾರದ ಸಂಖ್ಯೆ, ಸಮಯ ಮತ್ತು ಮೊತ್ತದ ವಿವರಗಳು ಕೈಯಲ್ಲಿದ್ದರೆ ಹಣವನ್ನು ತಡೆಹಿಡಿಯುವ ಕೆಲಸ ಬೇಗ ಆರಂಭವಾಗುತ್ತದೆ.